ಎರಡು ಸೀಟುಗಳ ನಡುವೆ

ಗ್ಯಾರೇಜಿನಲ್ಲಿ ಮಾರಾಟಕ್ಕಿದ್ದ ಎರಡೂ ಹಳೆಯ ಕಾರು ಭಾವನಿಗೆ ಬೇಕಾಗಿದ್ದವು. ಅಕ್ಕ ಒಂದಕ್ಕೆ ಮಾತ್ರ ಒಪ್ಪಿದ್ದಳು. ಅದನ್ನೂ ಶನಿವಾರ, ಭಾನುವಾರ ಮಾತ್ರ ಹೊರಗೆ ತೆಗೆಯಬೇಕು, ಉಳಿದ ದಿನ ಅದು ಮುಸುಕು ಹೊದ್ದು ಮನೆಯ ಹಿಂದೆ ನಿಂತಿರಬೇಕು.

"ಹಲ್ಲಿದ್ದಾಗ ಕಡಲೆ ಇರಲ್ಲ, ಕಡಲೆ ಇದ್ದಾಗ ಹಲ್ಲಿರಲ್ಲ ಅಂತಾರೆ," ಎಂದರು ಭಾವ, ಹೊರಡುವಾಗ ಶೂ ಹಾಕಿಕೊಳ್ಳುತ್ತ. "ನಾನು ಹಲ್ಲಿನ ಡಾಕ್ಟ್ರು. ಎರಡೂ ಒಟ್ಟಿಗೆ ಇರೋ ಹಾಗೆ ನೋಡ್ಕೊಂಡಿದೀನಿ."

"ಕಡಲೆ ತಿನ್ನೋಕೆ ಹೋಗಿ ಇರೋ ಹಲ್ಲು ಮುರ್ಕೋಬೇಡಿ," ಎಂದಳು ಅಕ್ಕ. ಆಮೇಲೆ ನನಗೆ, "ನೀನೂ ಹೋಗು. ಬಣ್ಣ ನೋಡಿದ್ರೆ ಇವರಿಗೆ ಬೇರೇನೂ ಬೇಡ. ಬ್ರೇಕು ನೋಡೋಕೆ ಒಬ್ರು ಬೇಕಲ್ಲ."

"ಮುನಿಗಳು ಬರ್ಲಿ, ಒಳ್ಳೇದೇ ಆಯ್ತು. ದಾರಿಯುದ್ದಕ್ಕೂ ನಾನೊಬ್ಬನೇ ಮಾತಾಡಬಹುದು."

ನಾನು ಮಾತು ಕಡಿಮೆ ಆಡುತ್ತೇನೆಂದು ಭಾವ ತಮ್ಮ ಮದುವೆಯ ದಿನದಿಂದಲೂ ನನ್ನನ್ನು ಕರೆಯುವುದು ಹಾಗೆಯೇ.

ಮನೆಯ ಬೂದು ಬಣ್ಣದ ಕಾರನ್ನು ಭಾವನೇ ಓಡಿಸಿದರು. ನಮ್ಮಿಬ್ಬರನ್ನು ಗ್ಯಾರೇಜಿನ ಹತ್ತಿರ ಇಳಿಸಿ ಅಕ್ಕ ತನ್ನ ಹೊಲಿಗೆ ಅಂಗಡಿಗೆ ಹೋಗುವುದೆಂದು ಮಾತಾಗಿತ್ತು. ಅವಳು ಭಾವನ ಪಕ್ಕದಲ್ಲಿ, ನಾನು ಹಿಂದೆ, ಮಕ್ಕಳು ಉದುರಿಸಿದ ಬಿಸ್ಕತ್ತಿನ ಪುಡಿಯ ನಡುವೆ. ಅಕ್ಕನ ಬಲಗೈ ಎಂದಿನಂತೆ ಎರಡು ಸೀಟುಗಳ ನಡುವಿನ ಹ್ಯಾಂಡ್‌ಬ್ರೇಕಿನ ಮೇಲಿತ್ತು. ಭಾವನ ಎಡ ಮೊಣಕೈ ಅವಳ ತೋಳಿಗೆ ತಾಗಿಕೊಂಡಿತ್ತು. ಎಷ್ಟೋ ವರ್ಷದಿಂದ ನೋಡುತ್ತ ಬಂದಿದ್ದೇನೆ. ಇಷ್ಟು ದಿನವಾದರೂ ಇವರ ಸಲಿಗೆ ಮಾಸಲಿಲ್ಲವಲ್ಲ ಎಂದುಕೊಳ್ಳುತ್ತಿದ್ದೆ.

"ಏನಕ್ಕಾ, ಭಾವ ಓಡಿಹೋಗ್ತಾರೆ ಅಂತ ಹಿಡ್ಕೊಂಡಿದೀಯಾ?"

"ಹೂಂ, ಓಡೋ ವಯಸ್ಸು ನೋಡು," ಎಂದಳು. ಕಣ್ಣು ರಸ್ತೆಯ ಮೇಲಿಂದ ಕೀಳಲಿಲ್ಲ.

ಗ್ಯಾರೇಜು ತಗಡಿನ ಮಾಡಿನ ಉದ್ದನೆಯ ಕಟ್ಟಡ. ಅದರ ಯಜಮಾನಿ ಕತ್ತಿನವರೆಗೆ ಕೂದಲು ಕತ್ತರಿಸಿಕೊಂಡ ದಪ್ಪ ಹೆಂಗಸು. ಮಾತಾಡುತ್ತಲೇ ಕೈಯ ಗ್ರೀಸ್ ಒರೆಸಿಕೊಳ್ಳುತ್ತಿದ್ದಳು, ಅದು ಹೋಗುತ್ತಲೇ ಇರಲಿಲ್ಲ. ಎರಡು ಕಾರುಗಳೂ ಅಕ್ಕಪಕ್ಕ ನಿಂತಿದ್ದವು. ಎರಡೂ ನಾನು ಹುಟ್ಟುವ ಮೊದಲಿನವು. ಕೆಂಪಿನದಕ್ಕೆ ಮೇಲ್ಛಾವಣಿ ಇಲ್ಲ, ಚಪ್ಪಲಿಯಷ್ಟು ತಗ್ಗು. ಹಸಿರಿನದಕ್ಕೆ ಗುಂಡನೆಯ ಬೆನ್ನು, ಸಣ್ಣ ಕಿಟಕಿಗಳು.

"ಕೆಂಪಿದು ಮಾತಾಡುತ್ತೆ, ಹಸಿರಿದು ಕೇಳಿಸ್ಕೊಳ್ಳುತ್ತೆ," ಎಂದಳು ಯಜಮಾನಿ. "ಮನೇಲಿ ಯಾವುದು ಕಮ್ಮಿ ಇದೆಯೋ ಅದನ್ನ ತಗೊಂಡು ಹೋಗಿ."

"ಕೇಳಿಸ್ಕೊಳ್ಳೋಕೆ ನಾನೇ ಇದೀನಲ್ಲ," ಎಂದರು ಭಾವ.

ಕೆಂಪಿನ ಬಾನೆಟ್ ಎತ್ತಿ, ಕ್ಲಿನಿಕ್ಕಿನಿಂದ ತಂದ ಪುಟ್ಟ ಟಾರ್ಚ್ ಹಿಡಿದು, "ಬಾಯಿ ತೆಗಿ ತಾಯಿ, ಎಲ್ಲಿ ನೋವು?" ಎನ್ನುತ್ತ ಒಂದೊಂದೇ ಪೈಪನ್ನು ಇಣುಕಿ ನೋಡಿದರು. ಯಾವುದೋ ಮೂಲೆಯಲ್ಲಿದ್ದ ಕೂದಲೆಳೆಯಷ್ಟು ಬಿರುಕನ್ನು ಮೊದಲು ಕಂಡದ್ದೂ ಅವರೇ. ಹಿಂದಕ್ಕೆ ಸರಿಯುವಾಗ ನೆಲದ ಮೇಲಿದ್ದ ಜಾಕಿಗೆ ಮೊಣಕಾಲು ಬಡಿಯಿತು. ಯಜಮಾನಿ ಪಕ್ಕದಿಂದ ಕೀ ಚಾಚಿದಳು. ಭಾವ ತೆಗೆದುಕೊಳ್ಳಲಿಲ್ಲ. ಅವಳು ಅದನ್ನು ಅಲ್ಲಾಡಿಸಿ ಸದ್ದು ಮಾಡಿದ ಮೇಲೆ ತಿರುಗಿ ಈಸಿಕೊಂಡರು. ಕೆಂಪಿನ ಗುಂಗಿನಲ್ಲಿದ್ದಾರೆ ಎಂದುಕೊಂಡೆ.

ಮೊದಲು ಅದರಲ್ಲೇ ಹೋದೆವು. ಗೋದಾಮುಗಳ ಹಿಂದಿನ ನೇರ ರಸ್ತೆ, ರಜೆಯ ದಿನ, ಒಂದು ನರಪಿಳ್ಳೆಯೂ ಇರಲಿಲ್ಲ. ಸೀಟುಗಳ ನಡುವೆ ಗೇರಿನ ಕಡ್ಡಿ ಬಿಟ್ಟರೆ ಬರೀ ಕಾರ್ಪೆಟ್ಟು. ಹ್ಯಾಂಡ್‌ಬ್ರೇಕು ಓಡಿಸುವವರ ಬಲಗಡೆ, ಬಾಗಿಲಿನ ಪಕ್ಕದಲ್ಲಿತ್ತು. ಹಳೆಯ ಕಾಲದ್ದು ಕೆಲವು ಹಾಗೇ ಎಂದರು ಭಾವ. ನಾನು ಕೈಗಳನ್ನು ತೊಡೆಯ ಮೇಲಿಟ್ಟುಕೊಂಡು ಕೂತೆ. ಗಾಳಿ ಮುಖಕ್ಕೆ ಬಡಿಯುತ್ತಿತ್ತು. ಭಾವ ಸುಮ್ಮಸುಮ್ಮನೆ ನಗುತ್ತಿದ್ದರು.

ಆಮೇಲೆ ಹಸಿರು. ಅದನ್ನು ಪೇಟೆಯ ಕಡೆಗೆ ತಿರುಗಿಸಿದರು. ಭಾವನ ಮೈ ಹಸಿರಿನಲ್ಲಿದ್ದರೂ ಬಾಯಿ ಇನ್ನೂ ಕೆಂಪಿನಲ್ಲೇ ಇತ್ತು.

ಎಡಗಡೆಯ ಓಣಿಯಿಂದ ಒಬ್ಬ ಹೆಂಗಸು ಸೈಕಲ್ ತಳ್ಳಿಕೊಂಡು ಬಂದಳು. ಉದ್ದನೆಯ ಹಳದಿ ಕೋಟು. ರಸ್ತೆ ದಾಟುವ ಬಿಳಿ ಪಟ್ಟಿಯ ಮೇಲೆ ಕಾಲಿಟ್ಟಳು. ನಾನು ನೋಡಿದೆ, ಭಾವ ನಿಧಾನ ಮಾಡುತ್ತಾರೆ ಎಂದು ಕಾದೆ. ಭಾವ ಕೆಂಪಿನ ಸೈಲೆನ್ಸರಿನ ಬಗ್ಗೆ ಹೇಳುತ್ತಿದ್ದರು. ವೇಗ ಕಡಿಮೆಯಾಗಲಿಲ್ಲ, ಮಾತೂ ತುಂಡಾಗಲಿಲ್ಲ. ಹೆಂಗಸು ನಮ್ಮ ಕಡೆ ನೋಡಿ ನಿಂತುಬಿಟ್ಟಳು. ಕೂಗಬೇಕಿತ್ತು. ನನಗೆ ಕೂಗು ಬರಲಿಲ್ಲ. ನಡುವಿದ್ದ ಹ್ಯಾಂಡ್‌ಬ್ರೇಕನ್ನು ಎರಡೂ ಕೈಯಲ್ಲಿ ಹಿಡಿದು ಎಳೆದೆ.

ಕಾರಿನ ಹಿಂಭಾಗ ಜಾರಿ ಓರೆಯಾಯಿತು. ಎಂಜಿನ್ ನಿಂತಿತು. ಸೈಕಲ್ಲಿನ ಮುಂದಿನ ಚಕ್ರ ಬಂಪರಿಗೆ ತಾಗಿ, ಅವಳ ಬುಟ್ಟಿಯಿಂದ ಹಾಲಿನ ಪೊಟ್ಟಣ ಬಿದ್ದು ಒಡೆಯಿತು. ಅವಳು ಎಡ ದೀಪದ ಪಕ್ಕದಲ್ಲಿ, ಬಾನೆಟ್ಟಿನ ಮೇಲೆ ಅಂಗೈಯೂರಿ ನಿಂತಿದ್ದಳು. ಕೈ ಚಾಚಿದರೆ ಸಿಗುವಷ್ಟು ಹತ್ತಿರ.

ಭಾವ ನೇರವಾಗಿ ಮುಂದೆ ನೋಡುತ್ತಿದ್ದರು.

"ಯಾಕೋ ಎಳೆದೆ?" ಎಂದರು. ಸಿಟ್ಟಿರಲಿಲ್ಲ, ಬರೀ ಆಶ್ಚರ್ಯ. "ಖಾಲಿ ರಸ್ತೆ ಅಲ್ವೇನೋ."

ಸೈಕಲ್ ಕಂಡಾಗ ಆದದ್ದು ಹೆದರಿಕೆ, ಇದು ಬೇರೆ. ಇಷ್ಟು ಹೊತ್ತು ಪಕ್ಕದಲ್ಲಿ ಕೂತು ಮಾತಾಡಿದವರು ಯಾರು ಎಂದೇ ತಿಳಿಯದ ಹಾಗಾಯಿತು.

"ಕಣ್ಣು ಕಾಣಲ್ವೇನ್ರೀ?" ಎಂದಳು ಹೆಂಗಸು.

ಆಗ ಭಾವ ತಲೆ ತಿರುಗಿಸಿದರು. ಕತ್ತಲಲ್ಲಿ ಟಾರ್ಚ್ ಹಾಯಿಸುವವರ ಹಾಗೆ, ನಿಧಾನವಾಗಿ, ಅವಳು ಸಿಗುವವರೆಗೆ. ಸಿಕ್ಕಿದ ಮೇಲೆ ಅವರ ಮುಖದ ರಕ್ತವೆಲ್ಲ ಇಳಿದುಹೋಯಿತು.

ಕೆಳಗಿಳಿದು ಕ್ಷಮೆ ಕೇಳಿದರು. ಓಡಿಹೋಗಿ ಅಂಗಡಿಯಿಂದ ಹಾಲು ತಂದುಕೊಟ್ಟವನು ನಾನು. ವಾಪಸು ಓಡಿಸಿದವನೂ ನಾನೇ. ದಾರಿಯುದ್ದಕ್ಕೂ ಭಾವ ಮಾತಾಡಲಿಲ್ಲ.

ಗ್ಯಾರೇಜಿನ ಹೊರಗಿನ ನಲ್ಲಿಯಲ್ಲಿ ಮುಖ ತೊಳೆಯುತ್ತಿದ್ದಾಗ ಅಕ್ಕನ ಫೋನ್ ಬಂತು.

"ಮುಗೀತಾ? ಯಾವುದು ಹಿಡಿಸ್ತು ಅವರಿಗೆ?"

"ಕೆಂಪು."

ಬೆಲೆ ಕೇಳುತ್ತಾಳೆ ಎಂದುಕೊಂಡೆ.

"ಅದರಲ್ಲಿ ಹ್ಯಾಂಡ್‌ಬ್ರೇಕು ಎಲ್ಲಿದೆ?" ಎಂದಳು.

ನಲ್ಲಿ ಸುರಿಯುತ್ತಲೇ ಇತ್ತು. ನಿಲ್ಲಿಸುವುದು ಹೇಗೆಂದು ಒಂದು ಕ್ಷಣ ತೋಚಲಿಲ್ಲ.

"ಬಾಗಿಲ ಪಕ್ಕ. ಓಡಿಸೋರ ಬಲಗಡೆ. ಹಸಿರಿದರಲ್ಲಿ ನಡುವೆ."

"ಹಾಗಾದ್ರೆ ಹಸಿರಿದೇ ತಗೊಳ್ಳೋ ಹಾಗೆ ಮಾಡು."

"ಅಕ್ಕಾ, ನಿನಗೆ ಗೊತ್ತಿತ್ತಾ?"

ಆ ಕಡೆ ಹೊಲಿಗೆ ಯಂತ್ರದ ಸದ್ದು ನಿಂತಿತು. ಯಾರು ಯಾಕೆ ಸುಮ್ಮನಿದ್ದಾರೆ ಎಂಬುದು ನನಗೆ ಬೇಗ ತಿಳಿಯುತ್ತದೆ ಎಂದು ನಂಬಿಕೊಂಡಿದ್ದವನು ನಾನು. ಈ ಮನೆಯ ಮೌನ ಕಣ್ಣೆದುರೇ ಇತ್ತು. ಅದನ್ನು ನೋಡಿ ತಮಾಷೆ ಮಾಡಿದ್ದೆ.

"ಏನಾಯ್ತು?" ಎಂದಳು.

"ಯಾರಿಗೂ ಏನೂ ಆಗಿಲ್ಲ. ಒಂದು ಸೈಕಲ್ಲಿಗೆ ಸ್ವಲ್ಪ ತಾಗಿತು, ಅಷ್ಟೇ."

"ನೀನು ಎಳೆದೆಯಾ?"

"ಹೂಂ."

"ಸಣ್ಣವಳು ಸ್ಕೂಲಿಗೆ ಸೇರಿದ ವರ್ಷದಿಂದ," ಎಂದಳು. "ಪಕ್ಕದಿಂದ ಲೋಟ ಕೊಟ್ರೆ ತಗೊಳ್ತಿರ್ಲಿಲ್ಲ, ಎದುರಿಗೆ ಹಿಡಿದ್ರೆ ತಗೊಳ್ತಿದ್ರು. ನನಗೆ ತಿಳಿದಿದೆ ಅಂತ ಅವರಿಗೆ ಗೊತ್ತಿಲ್ಲ. ಗಾಡಿ ಓಡಿಸೋದು ಬಿಡಿ ಅಂದ್ರೆ ನಾಳೆ ಕ್ಲಿನಿಕ್ಕೂ ಬಿಡ್ತಾರೆ. ಆಮೇಲೆ ಆ ಮನುಷ್ಯ ಏನ್ ಮಾಡ್ಬೇಕು, ಹೇಳು?"

"ಮಕ್ಕಳು ಹಿಂದೆ ಕೂತಿರ್ತಾರೆ ಅಕ್ಕಾ."

"ಅದಕ್ಕೇ ಕೈ ತೆಗೆಯಲ್ಲ ನಾನು," ಎಂದಳು. "ಇರು, ಬರ್ತಿದೀನಿ."

ಒಳಗೆ ಬಂದರೆ ಭಾವ ಕೆಂಪು ಕಾರಿನಲ್ಲಿ ಕೂತಿದ್ದರು. ಓಡಿಸುವ ಕಡೆ ಅಲ್ಲ, ಎಡಗಡೆ.

"ಕೂತ್ಕೋ," ಎಂದು ಸ್ಟೀರಿಂಗಿನ ಕಡೆ ತೋರಿಸಿದರು. ಕೂತೆ. ಅವರ ಬಲಗೈ ಸೀಟುಗಳ ನಡುವಿನ ಕಾರ್ಪೆಟ್ಟನ್ನು ತಡವುತ್ತಿತ್ತು.

"ನಿಮ್ಮಕ್ಕ ಇಲ್ಲಿ ಕೂತ್ರೆ ಕೈ ಎಲ್ಲಿಡ್ತಾಳೆ?"

ನಾನು ಬೆಚ್ಚಿ ಅವರನ್ನು ನೋಡಿದೆ.

"ಅವಳ ಕೈ ಬಿಗಿಯಾದ್ರೆ ನನ್ನ ಮೊಣಕೈಗೆ ತಿಳಿಯುತ್ತೆ," ಎಂದರು. "ಬಿಗಿಯಾದ್ರೆ ಬ್ರೇಕ್ ಒತ್ತೋದು, ಸಡಿಲ ಆದ್ರೆ ಮುಂದೆ ಹೋಗೋದು. ಇಷ್ಟು ವರ್ಷ ಹಾಗೇ ಓಡಿಸಿದೀನಿ. ಅವಳು ಇಲ್ದೆ ಪೇಟೆ ಕಡೆ ಹೋಗ್ತಾನೇ ಇರ್ಲಿಲ್ಲ. ಇವತ್ತು ಕೆಂಪಿನ ಖುಷೀಲಿ ಮರೆತೆ." ಆಮೇಲೆ ದನಿ ತಗ್ಗಿಸಿ, "ನಿಮ್ಮಕ್ಕನಿಗೆ ಹೇಳ್ಬೇಡ. ಪಾಪ, ಹೆದರ್ಕೋತಾಳೆ."

ಮದುವೆಮನೆಗಳಿಗೆ, ಶಾಲೆಗೆ, ಆಸ್ಪತ್ರೆಗೆ ನಾವೆಲ್ಲ ಆ ಬೂದು ಕಾರಿನಲ್ಲಿ ಹೋಗಿದ್ದೇವೆ, ಹಾಡು ಹೇಳಿಕೊಂಡು, ನಿದ್ದೆ ಮಾಡಿಕೊಂಡು. ಒಬ್ಬಳು ನೋಡುತ್ತಿದ್ದಳು, ಇನ್ನೊಬ್ಬರು ಓಡಿಸುತ್ತಿದ್ದರು.

"ಎಷ್ಟು ಕಾಣುತ್ತೆ ಭಾವ?"

"ಬಾಯಿ ಅಗಲದಷ್ಟು. ಸುತ್ತ ಏನೂ ಇಲ್ಲ. ನನ್ನ ಕೆಲಸಕ್ಕೆ ಅಷ್ಟು ಸಾಕು."

"ಆ ಹೆಂಗಸು ಹಳದಿ ಕೋಟು ಹಾಕಿದ್ದಳು. ಊರಾಚೆಯಿಂದ ಕಾಣೋ ಅಂಥದ್ದು."

ಭಾವ ಕಾರ್ಪೆಟ್ಟಿನ ಮೇಲಿನ ಕೈ ತೆಗೆದು ಮಡಿಲಲ್ಲಿಟ್ಟುಕೊಂಡರು. "ಇದಕ್ಕೆ ಸಾಲದು, ಅಲ್ವಾ?" ಎಂದರು.

"ಸಾಲದು ಭಾವ."

ಯಜಮಾನಿ ಕೈ ಒರೆಸಿಕೊಳ್ಳುತ್ತ ಬಂದಳು. "ಏನಂತಾರೆ ಡಾಕ್ಟ್ರು? ಯಾವುದು?"

"ಕೆಂಪಿದು. ಆದ್ರೆ ಓಡಿಸೋಳು ನನ್ನ ಹೆಂಡ್ತಿ. ಅವಳು ಒಂದು ಸಲ ಓಡಿಸಿ ನೋಡ್ಬೇಕು."

"ಮೇಡಂಗೆ ಹಸಿರಿದು ಸುಲಭ ಆಗುತ್ತೆ. ಹ್ಯಾಂಡ್‌ಬ್ರೇಕು ನಡುವೇನೇ..."

"ನಡುವೆ ಬೇಡಮ್ಮ. ಪಕ್ಕದಲ್ಲಿ ಕೂತವರ ಕೈಗೆ ಏನೂ ಸಿಗಬಾರದು."

ಅಕ್ಕ ಬಂದಳು, ಸೆರಗಿನಲ್ಲಿ ದಾರದ ಎಳೆಗಳು ಅಂಟಿಕೊಂಡಿದ್ದವು. ಕೆಂಪು ಕಾರನ್ನು ನಾಳೆ ನೋಡುವುದೆಂದಾಯಿತು. ಎಂದಿನ ಹಾಗೆ ಅವಳು ಬೂದು ಕಾರಿನ ಸ್ಟೀರಿಂಗ್ ಬಿಟ್ಟುಕೊಟ್ಟು ಕೆಳಗಿಳಿದು ನಿಂತಳು. ಭಾವ ಬಾನೆಟ್ಟಿನ ಮೇಲೆ ಕೈಯಾಡಿಸುತ್ತ ಈ ಕಡೆ ಸುತ್ತಿ ಬಂದು, ಎಡಗಡೆಯ ಬಾಗಿಲು ತೆಗೆದು ಕೂತರು. ಬೆಲ್ಟ್ ಹಾಕಿಕೊಂಡರು.

ಕಾರಿನ ಮಾಡಿನ ಮೇಲಿಂದ ಅಕ್ಕ ನನ್ನನ್ನು ನೋಡಿದಳು. ಅವಳ ಬಾಯಿ ಅರ್ಧ ತೆರೆದಿತ್ತು. ನಾನು ಹಿಂದೆ ಹೋಗಿ ಕೂತುಬಿಟ್ಟೆ.

ಅವಳು ಸ್ಟೀರಿಂಗ್ ಹಿಡಿದಳು. ಭಾವನ ಬಲಗೈ ತಾನಾಗಿಯೇ ಹ್ಯಾಂಡ್‌ಬ್ರೇಕಿನ ಮೇಲೆ ಹೋಗಿ ಕೂತಿತ್ತು.

"ಕೈ ತೆಗೀರಿ," ಎಂದಳು. "ಅದನ್ನ ಇಳಿಸದೆ ಗಾಡಿ ಹೋಗಲ್ಲ."

ಭಾವ ತೆಗೆದರು.

ಮೊದಲ ತಿರುವಿನಲ್ಲಿ ಅಕ್ಕ ಗಾಡಿ ನಿಧಾನ ಮಾಡಿದಳು.

"ಎಡಗಡೆ ಒಂದು ನಾಯಿ ನಿಂತಿದೆ," ಎಂದಳು. ಯಾರಿಗೆಂದು ಹೇಳಲಿಲ್ಲ.

ಭಾವ ಅದನ್ನು ಹುಡುಕಲು ತಲೆ ತಿರುಗಿಸತೊಡಗಿದರು, ಅರ್ಧದಲ್ಲೇ ಬಿಟ್ಟರು.

"ಯಾವ ಬಣ್ಣದ್ದು?" ಎಂದು ಕೇಳಿದರು.