ಅಡ್ಜಸ್ಟ್ ಮಾಡಿಕೊಳ್ಳುವವರು

"ಸ್ವಲ್ಪ ಅಡ್ಜಸ್ಟ್ ಮಾಡ್ಕೋಬೇಕವ್ವಾ," ಎಂದು ಗಂಗೋತ್ರಿಗೆ ಹೇಳಿ ಹಾಲಸಿದ್ದಪ್ಪನವರು ಎಲೆಗೆ ಸುಣ್ಣ ಹಚ್ಚತೊಡಗಿದರು. ಅವಳ ಗಂಡ ಶಶಿಕಾಂತನನ್ನು ಕರೆದುಕೊಂಡು ಕುರುಗೋಡಿನಿಂದ ಸಿರುಗುಪ್ಪಕ್ಕೆ ರಾಜಿ ಮಾಡಿಸಲು ಬಂದ ಹಿರಿಯರು ಅವರು. ಅವರಿಗೆ ಬರುತ್ತಿದ್ದ ಇಂಗ್ಲಿಷ್ ಆ ಒಂದು ಪದ ಅಷ್ಟೇ. ಆದರೆ ಅದರಿಂದಲೇ ಎಷ್ಟೋ ಸಂಸಾರಗಳನ್ನು ದಡ ಸೇರಿಸಿದ್ದರು.

ತಕರಾರು ದೊಡ್ಡದೇನಲ್ಲ. ಗಂಗೋತ್ರಿ ಬಳ್ಳಾರಿಯ ಜೀನ್ಸ್ ಕಾರ್ಖಾನೆಯೊಂದರಲ್ಲಿ ಕಟಿಂಗ್ ವಿಭಾಗ ನೋಡಿಕೊಳ್ಳುತ್ತಿದ್ದಳು. ಮದುವೆಯಾದ ಮೇಲೂ ಕುರುಗೋಡಿನಿಂದ ಬಸ್ಸಿನಲ್ಲಿ ಓಡಾಡುತ್ತಿದ್ದವಳಿಗೆ ಅತ್ತೆ, ಕೆಲಸ ಬಿಟ್ಟು ಮನೆಯಲ್ಲಿರು ಎಂದರು. ಒಲ್ಲೆನೆಂದು ಅವಳು ತವರಿಗೆ ಬಂದು ಕೂತಿದ್ದಳು.

ಅವಳ ಅಪ್ಪ ಚನ್ನಬಸವರಾಜ ಹೈಸ್ಕೂಲಿನಲ್ಲಿ ಇಂಗ್ಲಿಷ್ ಮೇಷ್ಟ್ರು. ಅಡ್ಜಸ್ಟ್ ಎಂದರೆ ಒಂದಕ್ಕೊಂದು ಹೊಂದುವಂತೆ ಸರಿಮಾಡುವುದು, ಸಹಿಸಿಕೊಂಡು ಬಿದ್ದಿರುವುದಲ್ಲ ಎಂದು ತರಗತಿಯಲ್ಲಿ ಗಂಟಲು ಹರಿದುಕೊಳ್ಳುತ್ತಿದ್ದವರು. ಯಾರು ಕೇಳುತ್ತಾರೆ? ಗಡಿಯಾರಕ್ಕೂ ಕುರ್ಚಿಗೂ ಹೇಳುವ ಮಾತು ನಮ್ಮ ಕಡೆ ಬಂದು ಸೊಸೆಯಂದಿರ ಪಾಲಾಗಿತ್ತು. ಇವತ್ತಾದರೂ ಅಪ್ಪ ತಿದ್ದಿಯಾರು ಎಂದು ಗಂಗೋತ್ರಿ ಅವರ ಮುಖ ನೋಡಿದಳು. ಮೇಷ್ಟ್ರು ಕನ್ನಡಕ ಒರೆಸಿಕೊಂಡರು.

"ಹಿರ್ಯಾರು ಹೇಳಾಕತ್ತಾರ. ಅಡ್ಜಸ್ಟ್ ಮಾಡ್ಕೊ ಮಗಳ."

ಗಂಗೋತ್ರಿಯನ್ನು ಬಿಟ್ಟು ಉಳಿದವರಿಗೆಲ್ಲ ಮನಸ್ಸು ಹಗುರವಾಯಿತು. ಹಾಲಸಿದ್ದಪ್ಪನವರು ಆಗಲೇ ಸಂಜೆ ಬಸ್ಸಿನ ಮಾತೆತ್ತಿದರು. ಮಗಳನ್ನು ಗಂಡನ ಮನೆಗೆ ಕಳಿಸುವಾಗ ಉಡಿ ತುಂಬಬೇಕಲ್ಲ, ತಾಯಿ ಗುರುಬಸಮ್ಮ ಅಕ್ಕಿ, ಕೊಬ್ಬರಿ ಬಟ್ಟಲು, ಅರಿಸಿನ ಕೊಂಬು ಇಟ್ಟ ತಟ್ಟೆ ಹಿಡಿದು ಬಾಗಿಲಿಗೆ ಬಂದಳು.

ಗಂಗೋತ್ರಿ ಸೆರಗು ಒಡ್ಡಲಿಲ್ಲ. ಗಂಡನ ಕಡೆ ತಿರುಗಿದಳು.

"ನೀವೇನ್ ಅಡ್ಜಸ್ಟ್ ಮಾಡ್ಕೊಂತೀರಿ?"

ಹಾಲಸಿದ್ದಪ್ಪನವರು ಎಲೆ ಅಗಿಯುವುದನ್ನು ನಿಲ್ಲಿಸಿದರು. ಅಷ್ಟು ರಾಜಿ ಮಾಡಿಸಿದವರಿಗೂ ಗಂಡಸೊಬ್ಬನಿಗೆ ಯಾರಾದರೂ ಹೀಗೆ ಕೇಳಿದ್ದು ನೆನಪಿರಲಿಲ್ಲ. ಶಶಿಕಾಂತ ಅವರನ್ನೇ ನೋಡಿದ. "ನಾನೇನ್ ಮಾಡ್ಲಿ? ಅವ್ವ ಒಪ್ಪಂಗಿಲ್ಲ," ಎಂದ. ಕೆಟ್ಟವನೇನಲ್ಲ. ತಾನೂ ಏನಾದರೂ ಮಾಡಬಹುದೆಂದು ಅವನಿಗೆ ನಿಜವಾಗಿಯೂ ಹೊಳೆದಿರಲಿಲ್ಲ.

ಮಾತು ಬೆಳೆಯುವುದು ಬೇಡವೆಂದು ಮೇಷ್ಟ್ರು ಹೆಂಡತಿಗೆ, ಬಸ್ಸಿಗೆ ಹೊತ್ತಾಯಿತು, ಬೇಗ ಉಡಿ ತುಂಬು ಎಂದರು.

ಗುರುಬಸಮ್ಮ ಮಗಳನ್ನು ನೋಡಿದಳು. ಆಮೇಲೆ ತಟ್ಟೆಯೊಂದಿಗೆ ಒಳಗೆ ಹೋದಳು. ಅಡುಗೆಮನೆಯಲ್ಲಿ ಡಬ್ಬಿಯ ಮುಚ್ಚಳ ತೆಗೆದ ಸದ್ದಾಯಿತು. ಅಕ್ಕಿ ತಿರುಗಿ ಡಬ್ಬಿಗೆ ಬೀಳುವುದು ಪಡಸಾಲೆಯಲ್ಲಿ ಕೂತ ಎಲ್ಲರಿಗೂ ಕೇಳಿಸಿತು.