ಗೋಡೆಯಾಚೆಯ ನೀರು

ನನ್ನ ಹೆಂಡತಿ ಏಳನೇ ಗ್ರೀನಿಗೆ ಇಟ್ಟಿರುವ ಹೆಸರು ಸವತಿ. ಬೆಳಗ್ಗೆ ಚಹಾ ಲೋಟವನ್ನು ನನ್ನ ಮುಂದೆ ಕುಕ್ಕಿ, ‘ಬೇಗ ಕುಡಿದು ಹೊರಡಿ, ನಿಮ್ಮ ಕಿರಿಯವಳು ಕಾಯ್ತಿರ್ತಾಳೆ’ ಎನ್ನುತ್ತಾಳೆ. ಅವಳದು ತಪ್ಪೆನ್ನುವ ಹಾಗಿಲ್ಲ. ಈ ಬೇಸಿಗೆಯಲ್ಲಿ ಅವಳಿಗೆ ಜ್ವರ ಬಂದಾಗ ಹಣೆ ಮುಟ್ಟಿ ನೋಡಿದ್ದಕ್ಕಿಂತ ಆ ಹುಲ್ಲಿನ ಮೇಲೆ ಅಂಗೈ ಇಟ್ಟು ಕಾವು ನೋಡಿದ್ದೇ ಹೆಚ್ಚು.

ನಾನು ಗಾಲ್ಫ್ ಮೈದಾನದ ಹುಲ್ಲು ನೋಡಿಕೊಳ್ಳುವ ಮೇಸ್ತ್ರಿ. ಮೈದಾನದಲ್ಲಿ ಹುಲ್ಲು ಎಲ್ಲೆಡೆಯೂ ಇದೆ, ಆದರೆ ಚೆಂಡು ಕೊನೆಗೆ ಬೀಳುವ ಕುಳಿಯ ಸುತ್ತ ಚಾಪೆ ಹಾಸಿದ ಹಾಗೆ ನುಣ್ಣಗಿರುತ್ತದಲ್ಲ, ಆ ಜಾಗಕ್ಕೆ ಮಾತ್ರ ಗ್ರೀನ್ ಎನ್ನುತ್ತಾರೆ. ಅಲ್ಲಿಯ ಹುಲ್ಲನ್ನು ದಿನಾ ಅಕ್ಕಿಕಾಳಿನಷ್ಟೇ ಎತ್ತರ ಉಳಿಯುವಂತೆ ಬೋಳಿಸಬೇಕು. ಉರಿಬಿಸಿಲಿಗೆ ಬೋಳುತಲೆ ಒಡ್ಡಿ ನಿಂತರೆ ಏನಾಗುತ್ತದೆಂದು ನನಗೆ ಗೊತ್ತು, ನನ್ನ ತಲೆಯೂ ಅದೇ ಜಾತಿಯದು. ಅಷ್ಟಾದರೂ ಕ್ಲಬ್ಬಿನ ಸದಸ್ಯರಿಗೆ ಗ್ರೀನು ಹಸಿರಾಗಿ ನಗುತ್ತಲೇ ಇರಬೇಕು.

ಹದಿನೆಂಟು ಗ್ರೀನುಗಳಲ್ಲಿ ಏಳನೆಯದು ತಗ್ಗಿನಲ್ಲಿದೆ. ಅಲ್ಲಿ ಗಾಳಿ ಆಡುವುದಿಲ್ಲ, ಬಂದ ನೀರು ತಾನಾಗಿ ಹೋಗುವುದಿಲ್ಲ. ಕಳೆದ ಬೇಸಿಗೆ ಅದು ಪೂರ್ತಿ ಸತ್ತುಹೋಗಿ ಹೊಸದಾಗಿ ನೆಡಬೇಕಾಯಿತು. ಆಗಲೇ ಕ್ಲಬ್ಬಿನ ಕಾರ್ಯದರ್ಶಿ ಮುಖಕ್ಕೆ ಹೊಡೆದ ಹಾಗೆ ಹೇಳಿದ್ದರು: ‘ಮೇಸ್ತ್ರಿ, ಇನ್ನೊಂದ್ಸಲ ಏಳನೇದು ಹೋದ್ರೆ ಹುಲ್ಲಿನ ಕೆಲಸ ಕಂಪನಿಯವರಿಗೆ ಕೊಟ್ಬಿಡ್ತೀವಿ. ನಿಮ್ಮ ಕ್ವಾರ್ಟರ್ಸೂ ಅವರಿಗೇ ಹೋಗುತ್ತೆ.’

ಕ್ವಾರ್ಟರ್ಸ್ ಎಂದರೆ ಅರಮನೆಯೇನಲ್ಲ, ಎರಡು ಕೋಣೆ. ಮೈದಾನದ ಕಾಂಪೌಂಡ್ ಗೋಡೆಯಾಚೆ, ಏಳನೇ ಗ್ರೀನಿಗಿಂತಲೂ ತಗ್ಗಿನಲ್ಲಿ ಒಂಟಿಯಾಗಿ ನಿಂತಿದೆ. ಹಿಂದಿನ ಕೋಣೆಯಲ್ಲಿ ಹೆಂಡತಿಯ ಹೊಲಿಗೆ ಮೆಷಿನ್ನು, ಕಿಟಕಿಗೆ ತಾಗಿಸಿ ಬಟ್ಟೆ ಕತ್ತರಿಸುವ ದೊಡ್ಡ ಮೇಜು. ಕಿಟಕಿಯಾಚೆ ಕಿರಿದಾದ ಹಿತ್ತಲು, ಅದರಾಚೆ ಗೋಡೆ. ಶಾಲೆಗಳು ಶುರುವಾಗುವ ಕಾಲವಾದ್ದರಿಂದ ಆ ಕೋಣೆಯ ನೆಲದ ತುಂಬ ಮಕ್ಕಳ ಯೂನಿಫಾರ್ಮುಗಳು. ಬಿಳಿ ಅಂಗಿ ಒಂದು ರಾಶಿ, ನೀಲಿ ಚಡ್ಡಿ, ಲಂಗ ಇನ್ನೊಂದು ರಾಶಿ. ಕಾಲಿಡಲು ಜಾಗ ಹುಡುಕಬೇಕು. ‘ನನ್ನ ಹುಲ್ಲಿನ ಮೇಲೆ ನಡೆದ್ರೂ ಇಷ್ಟು ಬೈಯಲ್ಲ ನಾನು’ ಎಂದರೆ, ‘ಹಾಗಾದ್ರೆ ಅಲ್ಲೇ ಮಲಗಿ’ ಎನ್ನುವಳು.

ಹುಲ್ಲಿಗೆ ಬಾಯಾರಿದೆಯೇ ಎಂದು ತಿಳಿಯುವುದು ಸುಲಭ. ಅದರ ಮೇಲೆ ಒಂದು ಹೆಜ್ಜೆ ಇಟ್ಟು ತಿರುಗಿ ನೋಡಬೇಕು. ಗಟ್ಟಿಮುಟ್ಟಾದ ಹುಲ್ಲು ಕೂಡಲೇ ಎದ್ದು ನಿಲ್ಲುತ್ತದೆ. ಸೋತ ಹುಲ್ಲಿನಲ್ಲಿ ಹೆಜ್ಜೆ ಹಾಗೇ ಅಚ್ಚಾಗಿ ಉಳಿಯುತ್ತದೆ. ಈ ಬೇಸಿಗೆ ಪೂರ್ತಿ ನಾನು ಏಳನೆಯದರ ಅಂಚಿನಲ್ಲಿ ಹೆಜ್ಜೆ ಇಡುತ್ತ, ತಿರುಗುತ್ತ, ಪೈಪು ಹಿಡಿದು ಎಲೆ ಮಾತ್ರ ತಣ್ಣಗಾಗುವಷ್ಟು ಹನಿಸುತ್ತ ಕಳೆದೆ. ನೀರು ಕಡಿಮೆಯಾದರೆ ಸುಡುತ್ತದೆ, ಹೆಚ್ಚಾದರೆ ಬೇರು ಕೊಳೆಯುತ್ತದೆ. ಕತ್ತರಿಸುವ ಯಂತ್ರ ಓಡಿಸುವವನನ್ನು ನಾವೆಲ್ಲ ಮೀಸೆ ಎಂದು ಕರೆಯುತ್ತೇವೆ. ಅವನು ಒಂದು ದಿನ ಯಂತ್ರ ನಿಲ್ಲಿಸಿ, ‘ಮೇಸ್ತ್ರಿ, ಇದು ಹುಲ್ಲೋ ಹೊಸ ಅಳಿಯನೋ? ಎಷ್ಟು ಉಪಚಾರ ಮಾಡಿದ್ರೂ ಮುಖ ಗಂಟಿಕ್ಕೊಂಡೇ ಇದೆ’ ಎಂದ. ನಾನು ನಕ್ಕೆ. ಹುಲ್ಲು ಬದುಕಿತ್ತು, ನಗುವುದಕ್ಕೆ ಅಡ್ಡಿಯಿರಲಿಲ್ಲ.

ಮಳೆಯೊಂದು ಬಂದರೆ ಗೆದ್ದೆವು ಎಂದುಕೊಂಡಿದ್ದೆವು. ಬಂತು, ಕೇಳಿದ್ದಕ್ಕಿಂತ ಹತ್ತು ಪಟ್ಟು ಬಂತು.

ಬೆಳಕು ಹರಿಯುವ ಮುಂಚೆ ಗಾಳಿ ಎದ್ದಾಗಲೇ ನಾನು ಪಂಪ್‌ಶೆಡ್ಡಿಗೆ ಓಡಿದ್ದೆ. ಏಳನೆಯದರಲ್ಲಿ ನಿಂತ ನೀರನ್ನು ಮೇಲಿನ ಕೆರೆಗೆ ಎತ್ತಿಹಾಕುವ ಪಂಪು ಅಲ್ಲಿದೆ. ನಾನು ಬಾಗಿಲು ತೆಗೆಯುವುದಕ್ಕೂ ಎಲ್ಲೋ ಮರ ಬಿದ್ದು ಕರೆಂಟು ಹೋಗುವುದಕ್ಕೂ ಸರಿಹೋಯಿತು. ಡೀಸೆಲ್ ಪಂಪು ರಿಪೇರಿಗೆಂದು ಹೋಗಿದ್ದು ಇನ್ನೂ ತವರಿನಲ್ಲೇ ಇತ್ತು. ತಗಡಿನ ಮಾಡಿನ ಕೆಳಗೆ ಕೈಕಟ್ಟಿ ನಿಂತು ಮಳೆ ನೋಡಿದೆ. ಬೇರೇನು ಮಾಡಲಿ?

ಮಳೆ ನಿಂತಾಗ ಏಳನೇ ಗ್ರೀನಿನ ಮೇಲೆ ಮೊಣಕಾಲು ಮುಳುಗುವಷ್ಟು ನೀರು. ನಡುವೆ ಕುಳಿಯ ಬಾವುಟ ಮಾತ್ರ ಕಾಣುತ್ತಿತ್ತು. ಅದಕ್ಕೂ ನಾನು ಹೆದರಲಿಲ್ಲ, ತಣ್ಣನೆಯ ನೀರಿನಲ್ಲಿ ಹುಲ್ಲು ಒಂದು ದಿನ ಮುಳುಗಿದ್ದರೂ ಸಾಯುವುದಿಲ್ಲ. ಆದರೆ ಮೋಡ ಸರಿದು ಬಿಸಿಲು ಬಂತು. ಮಳೆಯಾದ ಮೇಲಿನ ಆ ಚುರುಕು ಬಿಸಿಲು. ನಿಂತ ನೀರು ಕಾದರೆ ಒಳಗಿನ ಹುಲ್ಲು ಸೊಪ್ಪು ಬೆಂದ ಹಾಗೆ ಬೇಯುತ್ತದೆ. ಕೈಯಿಟ್ಟು ನೋಡಿದೆ, ನೀರು ಆಗಲೇ ಬೆಚ್ಚಗಾಗುತ್ತಿತ್ತು.

ನೀರು ಬಿಡಲು ಉಳಿದಿದ್ದು ಒಂದೇ ದಾರಿ, ಗೋಡೆಯ ಬುಡದಲ್ಲಿರುವ ತೂಬು. ಚಕ್ರ ತಿರುಗಿಸಿ ಅದರ ಕಬ್ಬಿಣದ ಬಾಗಿಲು ಎತ್ತಿದರೆ ಗ್ರೀನಿನ ನೀರು ಗೋಡೆಯಾಚೆ ನಮ್ಮ ಹಿತ್ತಲಿಗೆ ಹೋಗುತ್ತದೆ, ಅಲ್ಲಿಂದ ಮೋರಿಗೆ. ಮೋರಿಯಲ್ಲಿ ಜಾಗವಿದ್ದರೆ ಸರಿ. ಮೋರಿ ತುಂಬಿದ್ದರೆ ಅಷ್ಟೂ ನೀರು ನಮ್ಮ ಮನೆಯೊಳಗೆ. ದೊಡ್ಡ ಗೇಟಿನಿಂದ ಸುತ್ತಿ ಹೋಗಿ ನೋಡಿ ಬರುವಷ್ಟರಲ್ಲಿ ಹುಲ್ಲಿನ ಕಥೆ ಮುಗಿದಿರುತ್ತಿತ್ತು. ಗೋಡೆಯ ಹತ್ತಿರ ನಿಂತು ಕೂಗಿದೆ.

‘ಲೇ, ಇದ್ದೀಯೇನೇ?’

‘ಇಲ್ದೆ ಇನ್ನೆಲ್ಲಿಗೆ ಹೋಗ್ಲಿ? ಹೇಳಿ.’

‘ಮೋರಿ ಹೇಗಿದೆ?’

‘ಚೆನ್ನಾಗಿದೆ. ನೀವು ಹೇಗಿದ್ದೀರಿ ಅಂತ ಕೇಳ್ತಿದೆ.’

‘ತಮಾಷೆ ಬೇಡ ಕಣೇ. ತುಂಬಿದ್ಯಾ?’

ಆಚೆ ಏನೋ ಮರದ ಸಾಮಾನು ಕಿರುಗುಟ್ಟಿತು. ಆಮೇಲೆ, ‘ಇಲ್ಲಪ್ಪ, ಸರಾಗವಾಗಿ ಹರೀತಿದೆ. ಯಾಕೆ, ಸವತಿ ಮುಳುಗಿದ್ಲಾ?’

‘ಮುಳುಗಿದ್ದಾಳೆ. ತೂಬು ಎತ್ಬೇಕು. ಆದ್ರೆ ಮನೆಯೊಳಗೆ ನೀರು ಬಂದ್ರೆ...’

‘ಬರಲ್ಲ ಅಂದ್ನಲ್ಲ! ಬಿಸಿಲು ಏರ್ತಿದೆ, ಮೊದ್ಲು ಎತ್ತಿ.’

ಅವಳ ದನಿ ಗೋಡೆಯ ತಲೆಯ ಹತ್ತಿರದಿಂದ ಬರುತ್ತಿತ್ತು. ನನ್ನ ಹೆಂಡತಿ ನನ್ನ ಭುಜಕ್ಕೂ ಬರುವವಳಲ್ಲ. ನೆಲದ ಮೇಲೆ ನಿಂತವಳ ದನಿ ಅದಲ್ಲ ಎಂದು ಆಗಲೇ ನನಗೆ ಹೊಳೆಯಿತು. ಹೊಳೆದರೂ ಕೇಳಲಿಲ್ಲ. ನನಗೆ ಬೇಕಾಗಿದ್ದ ಉತ್ತರವನ್ನೇ ಅವಳು ಕೊಟ್ಟಿದ್ದಳು. ಚಕ್ರ ತಿರುಗಿಸಿದೆ.

ನೀರು ಭರ್ರೆಂದು ಹೋಯಿತು. ಮೀಸೆ, ನಾನು, ಇನ್ನಿಬ್ಬರು ಉದ್ದ ಹಿಡಿಯ ರಬ್ಬರ್ ಪಟ್ಟಿಗಳನ್ನು ಹಿಡಿದು ಉಳಿದ ನೀರನ್ನು ತೂಬಿನ ಕಡೆಗೆ ತಳ್ಳಿದೆವು. ಬೆವರು ಕಣ್ಣಿಗಿಳಿದು ಉರಿಯುತ್ತಿತ್ತು. ನೀರಿನಡಿಯಿಂದ ಹುಲ್ಲು ಮೇಲೆ ಬಂದಾಗ ಹಸಿರಾಗಿಯೇ ಇತ್ತು. ಮೀಸೆ ಕುಣಿದೇಬಿಟ್ಟ. ‘ಗೆದ್ವಿ ಮೇಸ್ತ್ರಿ! ಅಳಿಯ ನಕ್ಕ!’ ಹೆಂಡತಿಗೆ ಕೂಗಿ ಹೇಳಬೇಕೆನಿಸಿತು, ಆದರೆ ಗೋಡೆಯ ಹತ್ತಿರ ಹೋಗಲು ಧೈರ್ಯವಾಗಲಿಲ್ಲ.

ಸೂರ್ಯ ನೆತ್ತಿಗೆ ಬರುವ ಹೊತ್ತಿಗೆ ಹಸಿರು ಬೂದಿಬಣ್ಣಕ್ಕೆ ತಿರುಗಿತು. ಮೊದಲು ಒಂದು ಮೂಲೆಯಲ್ಲಿ, ನೋಡನೋಡುತ್ತಿದ್ದಂತೆ ಇಡೀ ಗ್ರೀನಿನಲ್ಲಿ. ಅಡುಗೆಮನೆಯಲ್ಲಿ ಸೊಪ್ಪು ಬಸಿದಾಗ ಬರುವ ವಾಸನೆ ಎದ್ದಿತು. ಚಪ್ಪಲಿ ಬಿಟ್ಟು ಒಂದು ಹೆಜ್ಜೆ ಇಟ್ಟು ತಿರುಗಿ ನೋಡಿದೆ. ಐದು ಬೆರಳೂ ಹಾಗೇ ಉಳಿದಿದ್ದವು. ಕಾದು ನಿಂತೆ. ಹುಲ್ಲು ಏಳಲಿಲ್ಲ.

‘ಸ್ವಲ್ಪ ನೀರು ಹನಿಸ್ಲಾ ಮೇಸ್ತ್ರಿ?’ ಎಂದ ಮೀಸೆ.

‘ಯಾರಿಗೆ ಹನಿಸ್ತೀಯೋ? ಕುಡಿಯೋ ಬೇರೇ ಬೆಂದ್ಹೋಗಿದೆ.’

ಅವನು ಪೈಪು ಕೆಳಗಿಟ್ಟ. ನಾವು ನಾಲ್ಕು ಜನ ಗಂಡಸರು ಅದರ ಸುತ್ತ ನಿಂತೆವು. ಒಬ್ಬರಿಗೂ ಮಾಡಲು ಕೆಲಸವಿರಲಿಲ್ಲ. ಒಂದು ಬೇಸಿಗೆ ಪೂರ್ತಿ ಕೈಯಲ್ಲಿ ಹಿಡಿದು ಕಾಪಾಡಿದ್ದನ್ನು ಒಂದೇ ಬೆಳಗಿನಲ್ಲಿ ಕಳೆದುಕೊಂಡೆವು. ಯಾರ ಮೇಲೆ ಸಿಟ್ಟು ಮಾಡಲಿ? ಮಳೆಯ ಮೇಲೆಯೇ, ಬಿಸಿಲಿನ ಮೇಲೆಯೇ? ಅಳು ಬಂತು, ಮುಖ ತೊಳೆಯುವ ನೆಪದಲ್ಲಿ ಅತ್ತೆ.

ಕಾರ್ಯದರ್ಶಿ ಬಂದರು. ಕೆಟ್ಟವರೇನಲ್ಲ, ಕೂಗಾಡಲಿಲ್ಲ. ಶೂ ಹಾಕಿಕೊಂಡೇ ಗ್ರೀನಿನ ನಡುವಿನವರೆಗೆ ನಡೆದು, ಬಾವುಟ ಕಿತ್ತು ಕೈಯಲ್ಲಿ ಹಿಡಿದುಕೊಂಡು ವಾಪಸು ಬಂದರು. ಹೋದ ಹೆಜ್ಜೆ, ಬಂದ ಹೆಜ್ಜೆ ಎರಡೂ ಸಾಲಾಗಿ ಉಳಿದವು.

‘ನಿಮ್ಮ ತಪ್ಪು ಅಂತ ನಾನು ಹೇಳ್ತಿಲ್ಲ ಮೇಸ್ತ್ರಿ’ ಎಂದರು. ‘ಆದ್ರೆ ಕಮಿಟಿಗೆ ಏನು ಹೇಳ್ಲಿ? ತಿಂಗಳ ಕೊನೆಗೆ ಮನೆ ಬೀಗದಕೈ ಕೊಟ್ಬಿಡಿ.’

ಸುತ್ತು ಹಾದಿಯಲ್ಲಿ ಮನೆಗೆ ನಡೆದೆ. ಮೋರಿಯ ನೀರು ಇಳಿದಿತ್ತು, ಬಾಗಿಲ ಮುಂದೆ ಕೆಸರು. ಒಳಗೆ ಗೋಡೆಯ ಸುತ್ತ ಸೊಂಟದ ಮಟ್ಟಕ್ಕೆ ಕಂದು ಗೆರೆ. ಹೊಲಿಗೆ ಮೆಷಿನ್ನು ಮೇಜಿನ ಮೇಲಿತ್ತು. ಅದನ್ನು ಒಬ್ಬಳೇ ಹೇಗೆ ಎತ್ತಿದಳೋ! ಅದರ ಪಕ್ಕ ಕಿಟಕಿಯ ಹತ್ತಿರ ಅವಳ ಕೆಸರುಗಾಲಿನ ಎರಡು ಗುರುತು. ಅಲ್ಲಿ ಹತ್ತಿ ನಿಂತೇ ನನ್ನೊಂದಿಗೆ ಮಾತಾಡಿದ್ದಳು. ಯೂನಿಫಾರ್ಮುಗಳೆಲ್ಲ ಒಂದೇ ಮುದ್ದೆಯಾಗಿ ಮೂಲೆಯಲ್ಲಿ ಬಿದ್ದಿದ್ದವು. ನೀಲಿ ಬಣ್ಣ ಬಿಟ್ಟು ಬಿಳಿ ಅಂಗಿಗಳನ್ನೆಲ್ಲ ಕೆಡಿಸಿತ್ತು.

‘ಮೋರಿ ಸರಾಗವಾಗಿ ಹರೀತಿದೆ ಅಂದ್ಯಲ್ಲೇ’ ಎಂದೆ.

‘ಹರೀತಿತ್ತು. ಮನೆಯೊಳಗೆ.’ ಅವಳು ನೆಲದಲ್ಲಿ ಕೂತು ಗೋಡೆಯ ಗೆರೆಯನ್ನು ಬಟ್ಟೆಯಿಂದ ಉಜ್ಜುತ್ತಿದ್ದಳು. ತಿರುಗಿ ನನ್ನ ಮುಖ ನೋಡಿದಳು. ‘ಅದಿರ್ಲಿ. ಉಳಿದ್ಲಾ ಅವಳು?’

ಸೀರೆಯ ಸೆರಗು ಒದ್ದೆ, ಕೂದಲಿಗೆ ಕೆಸರು. ಕಣ್ಣು ಮಾತ್ರ ಹೊಳೆಯುತ್ತಿತ್ತು.

‘ಉಳಿದ್ಲು’ ಎಂದೆ.

‘ಅಬ್ಬಾ!’ ಬಟ್ಟೆ ತೊಡೆಯ ಮೇಲಿಟ್ಟುಕೊಂಡು ಜೋರಾಗಿ ಉಸಿರು ಬಿಟ್ಟಳು. ‘ಅಂಗಿ ಇವತ್ತಲ್ದಿದ್ರೆ ನಾಳೆ ಹೊಲೀಬಹುದು. ಮನೆ ಉಳೀತಲ್ಲ, ಅಷ್ಟು ಸಾಕು. ಆದ್ರೆ ಈ ಸಲ ಗೋಡೆಗೆ ಬಣ್ಣ ಹೊಡಿಸ್ಲೇಬೇಕು ನೋಡಿ. ಎಷ್ಟು ವರ್ಷದಿಂದ ಕೇಳ್ತಿದ್ದೀನಿ. ತಿಳಿ ಹಳದಿ.’

‘ಹೊಡಿಸೋಣ’ ಎಂದೆ.

ಮುದ್ದೆಯಿಂದ ಒಂದು ಪುಟ್ಟ ಅಂಗಿ ಎಳೆದುಕೊಂಡು ಅವಳ ಪಕ್ಕ ಕೂತು ನಾನೂ ಗೋಡೆ ಉಜ್ಜತೊಡಗಿದೆ.