ಬೈರಪ್ಪನ ತಟ್ಟೆಗೆ ಬಿದ್ದ ಹಸಿಕಾಳು

ಚಾಮರಾಜಪೇಟೆಯ ಮುನಿಯಕ್ಕನ ಮೀನಂಗಡಿ ಬೆಂಕಿಪೊಟ್ಟಣದಷ್ಟು. ಅವಳ ಬಾಯಿ ಮಾತ್ರ ಕೆ.ಆರ್. ಮಾರ್ಕೆಟ್‌ನಷ್ಟು. ಅಂಗಡಿಗೆ ಕಾಟ್ಲಾ, ರೋಹು ಬರುತ್ತಿದ್ದುದು ಮಾಗಡಿ ಕಡೆಯ ಊರಿನಲ್ಲಿದ್ದ ಅವಳ ತಮ್ಮ ದೊಡ್ಡಬೈರಪ್ಪನ ಕೊಳದಿಂದ. ಆ ಬೈರಪ್ಪನೇ ಒಂದು ದಿನ ಮಗಳು ಪೂಜಿತಾಳ ಜೊತೆ ಬಂದು, ಕೊಳಕ್ಕೆ ಮಣ್ಣು ಹೊಡೆಸಿ ಸೈಟು ಮಾಡುತ್ತೇನೆ ಎಂದುಬಿಟ್ಟ. ಕೊಳ ಹೋದರೆ ಅಂಗಡಿಯೂ ಹೋದಂತೆ.

ಮೀನಿನ ಮೇವಿಗೆ ಬೆರೆಸುವ, ಸಮುದ್ರದ ಸಣ್ಣ ಮೀನು ಒಣಗಿಸಿ ಮಾಡಿದ ಪುಡಿ ಬಂಗಾರದಷ್ಟು ತುಟ್ಟಿಯಾಗಿದೆ ಎಂದು ಅವನ ಗೋಳು. ಹಾಗಾದರೆ ಆ ಪುಡಿಯ ಬದಲು ಹಾಕೆಂದು ಪೂಜಿತಾ ಹೇಳಿದ್ದ ಸೋಯಾ ಏನಾಯಿತೆಂದು ಮುನಿಯಕ್ಕ ಕೇಳಿದಳು. ಹುಡುಗಿ ಮೀನು ಸಾಕಣೆಯನ್ನೇ ಓದಿದವಳು.

"ಹಾಕ್ದೆ ಕಣಕ್ಕಾ. ಮೂಟೆಗಟ್ಲೆ ಸೋಯಾ ಕಾಳು ಸುರಿದೆ. ಒಂದು ಮೀನೂ ದಪ್ಪ ಆಗ್ಲಿಲ್ಲ. ಕಾಳು ತಿನ್ನಕ್ಕೆ ಅದೇನ್ ಪಾರಿವಾಳಾನಾ?"

ಅಂಗಡಿಯ ಹಿಂದಿನ ಅಡುಗೆಮನೆಯಲ್ಲಿ ಪೂಜಿತಾ ಅತ್ತೆಯ ಕಿವಿಯಲ್ಲಿ ಹೇಳಿದಳು: ಅಪ್ಪ ಸೋಯಾ ಎಂಬಷ್ಟನ್ನೇ ಕೇಳಿಸಿಕೊಂಡು ಎದ್ದು ಹೋಗಿದ್ದ, ಹುರಿಯಬೇಕು ಎಂದದ್ದು ಅವನ ಕಿವಿಗೇ ಬಿದ್ದಿರಲಿಲ್ಲ.

ಅದು ಅವರೆಕಾಯಿ ಕಾಲ. ಅವರೆಕಾಳು ಸಾರೆಂದರೆ ಬೈರಪ್ಪ ಏಳು ಮುದ್ದೆ ನುಂಗಿ ಎಂಟನೆಯದಕ್ಕೆ ಕೈ ಚಾಚುವ ಆಸಾಮಿ. ಮುನಿಯಕ್ಕ ಬಿಸಿ ಮುದ್ದೆ ಇಟ್ಟು, ಪಕ್ಕಕ್ಕೆ ಒಲೆಯ ಮುಖವನ್ನೇ ಕಾಣದ ಒಂದು ಹಿಡಿ ಹಸಿ ಅವರೆಕಾಳು ಸುರಿದಳು.

"ಇದೇನಕ್ಕಾ, ಬೇಯ್ಸೇ ಇಲ್ವಲ್ಲ?"

"ನಿನ್ ಮೀನಿಗೆ ನೀನ್ ಬೇಯ್ಸಿ ಬಡ್ಸಿದ್ಯಾ? ತಿನ್ನು ಬೈರಾ. ನೀನೆಷ್ಟು ದಪ್ಪ ಆಗ್ತೀಯೋ ನೋಡಣ."

ಬೈರಪ್ಪ ಕಾಳು ನೋಡಿದ, ಮಗಳನ್ನು ನೋಡಿದ.

"ಹಸಿ ಸೋಯಾ ಮೀನಿಗೆ ಅರಗಲ್ಲಪ್ಪ," ಎಂದಳು ಪೂಜಿತಾ. ಚೆನ್ನಾಗಿ ಹುರಿದ ಸೋಯಾ, ಕಡಲೆಕಾಯಿ ಹಿಂಡಿ, ಅಕ್ಕಿ ತೌಡು ಪುಡಿ ಮಾಡಿ, ಖನಿಜದ ಪುಡಿ ಬೆರೆಸಿ, ಉಂಡೆ ಕಟ್ಟಿ ತಟ್ಟೆಯಲ್ಲಿಟ್ಟು ನೀರಿಗೆ ಇಳಿಸಬೇಕು. ಬೂಷ್ಟು ಹಿಡಿದ ಹಿಂಡಿ ವಿಷ, ಅದನ್ನು ಮುಟ್ಟಲೇಬಾರದು. ಹಳೆಯ ಮೇವನ್ನು ಒಂದೇ ಸಲ ನಿಲ್ಲಿಸದೆ ಸ್ವಲ್ಪ ಸ್ವಲ್ಪವಾಗಿ ಬದಲಿಸಬೇಕು.

"ಮೀನಿಗೂ ನಾನು ಮುದ್ದೆ ಕಟ್ಬೇಕಾ?"

"ನಿನ್ ಹೆಂಡ್ತಿ ನಿನಗೆ ಕಟ್ತಿಲ್ವಾ, ಕಟ್ಟು," ಎಂದಳು ಮುನಿಯಕ್ಕ.

ಹೊಸತೊಡಕಿನವರೆಗೆ ನೋಡುತ್ತೇನೆ, ಆಗದಿದ್ದರೆ ಮಣ್ಣೇ ಗತಿ ಎಂದು ಅವನು ಹೊರಟ. ಅಂದಿನಿಂದ ಊರಿನ ಫೋನು ಬಂದಾಗಲೆಲ್ಲ ಮುನಿಯಕ್ಕ ಮಾತಿನ ಹಿಂದೆ ಮಣ್ಣು ಹೊಡೆಯುವ ಟ್ರ್ಯಾಕ್ಟರ್ ಸದ್ದು ಕೇಳುತ್ತದೆಯೇ ಎಂದು ಕಿವಿಗೊಡುತ್ತಿದ್ದಳು.

ಯುಗಾದಿಯ ಮಾರನೆಯ ದಿನ, ಹೊಸತೊಡಕಿನ ಬೆಳಿಗ್ಗೆ, ಬೈರಪ್ಪ ಕಾಟ್ಲಾ ಹೊತ್ತು ಆಟೋದಿಂದ ಇಳಿದ. ಮೀನಿನ ತಲೆ ಅಂಗಡಿಯಲ್ಲಿ, ಬಾಲ ಇನ್ನೂ ಮಾಗಡಿ ರಸ್ತೆಯಲ್ಲಿ. ಮುನಿಯಕ್ಕ ಮಾಡಿದ ಅದರ ಸಾರು ಉಂಡವನು ಬೆರಳನ್ನೂ ಬಿಡದೆ ನೆಕ್ಕಿದ.

"ಟ್ರ್ಯಾಕ್ಟರ್‌ಗೆ ಹೇಳಿದೀನಿ ಕಣಕ್ಕಾ," ಎಂದ. ಮುನಿಯಕ್ಕನ ಕೈಯ ಸೌಟು ನಿಂತಿತು. "ಹಿಂಡಿ ತರಕ್ಕೆ."

ಕೊಳವಿರುವ ಅಣ್ಣಂದಿರೇ, ಅಕ್ಕಂದಿರೇ, ಸಮುದ್ರದ ಸಣ್ಣ ಮೀನು ಸಮುದ್ರದಲ್ಲೇ ಬೆಳೆಯಲಿ. ಕಾಟ್ಲಾ, ರೋಹುಗೆ ಸೋಯಾ, ಹಿಂಡಿ ಹಾಕಿ, ಆದರೆ ಸೋಯಾವನ್ನು ಹುರಿದೇ ಹಾಕಿ. ಮಾಂಸ ತಿನ್ನುವ ಮೀನಿನ ಲೆಕ್ಕ ಬೇರೆ. ನಿಮ್ಮ ಮೀನಿಗೆ ಯಾವುದು ಎಷ್ಟು ಬೇಕೆಂದು ಮೀನುಗಾರಿಕೆ ಕಚೇರಿಯಲ್ಲಿ ಕೇಳಿ, ಪೂರ್ತಿ ಕೇಳಿಸಿಕೊಂಡೇ ಏಳಿ. ಮೀನು ಕೊಳ್ಳುವವರೇ, ಕಾಳು ತಿಂದ ಮೀನೆಂದು ಮೂಗು ಮುರಿಯಬೇಡಿ. ಮುನಿಯಕ್ಕನ ಸಾರು ಕುದಿಯುವಾಗ ಆ ಬೀದಿಯಲ್ಲಿ ಒಮ್ಮೆ ಹಾದುಹೋಗಿ, ಮುರಿದ ಮೂಗು ತಾನೇ ನೆಟ್ಟಗಾಗುತ್ತದೆ.